ಹಲ್ಲಿನ ಡಾಕ್ಟರ ಕ್ಯಾಲಿಪರ್

ಕಾರೊಂದು ಜ್ಯಾಕಿನ ಮೇಲೆ ನಿಂತಿದ್ದರೆ ಕಾರವಾರದಲ್ಲಿ ಯಾರೂ ಸುಮ್ಮನೆ ದಾಟಿ ಹೋಗುವುದಿಲ್ಲ. ಒಬ್ಬರು ಏನಾಯಿತೆಂದು ಕೇಳುತ್ತಾರೆ, ಮತ್ತೊಬ್ಬರು ಏನಾಗಿದೆಯೆಂದು ಹೇಳುತ್ತಾರೆ. ಹೀಗಾಗಿ ನನ್ನ ರಿಪೇರಿಗಳಲ್ಲಿ ಕೆಲಸಕ್ಕಿಂತ ಪ್ರಸಂಗಗಳೇ ಹೆಚ್ಚು.

ನಾನು ಹಲ್ಲಿನ ಡಾಕ್ಟರು. ವರ್ಷಕ್ಕೊಮ್ಮೆ ಕೊಯಮತ್ತೂರಿನ ರೇಸ್ ಟ್ರ್ಯಾಕಿನಲ್ಲಿ ಓಡಿಸಲೆಂದು ಒಂದು ಹಳೆಯ ಸಣ್ಣ ಕಾರು ಇಟ್ಟುಕೊಂಡಿದ್ದೇನೆ. ಅದರ ಮುಂದಿನ ಚಕ್ರಗಳಿಗೆ ದೊಡ್ಡ ಕ್ಯಾಲಿಪರ್ ಹಾಕಿಸಿದ್ದೇನೆ. ಕ್ಯಾಲಿಪರ್ ಎಂದರೆ ಬ್ರೇಕ್ ಒತ್ತಿದಾಗ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಲೋಹದ ದವಡೆ. ಕಚ್ಚುವ ಬಲ ಒಳಗಿನ ನಾಲ್ಕು ಪಿಸ್ಟನ್‌ಗಳದು. ಕಡಲ ಗಾಳಿಗೆ ಅವು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ಹೋದ ವರ್ಷ ಹಾಗೇ ಆಗಿ, ಅಷ್ಟು ದೂರ ಹೋದ ನಮ್ಮನ್ನು ಟ್ರ್ಯಾಕಿನ ತಪಾಸಣೆಯವರು ಗೇಟಿನಲ್ಲೇ ತಿರುಗಿಸಿ ಕಳಿಸಿದರು. ಮನೆಗೆ ಬಂದ ಮೇಲೆ ಹೆಂಡತಿ ಹೇಳಿದಳು: "ಇನ್ನೊಂದು ಸಲ ರಿಪೇರಿ ಮಾಡಿ. ನಾನೇ ಕೂತು ನೋಡ್ತೆ. ಸರಿ ಇಲ್ಲಾ ಅಂದ್ರೆ ಮಾರೂದು."

ಅವಳು ಮಾರಾಟಕ್ಕೆಂದು ಕಾರಿನ ಫೋಟೋ ಆಗಲೇ ತೆಗೆದಿದ್ದಳು. ಚೆನ್ನಾಗಿಯೇ ಬಂದಿತ್ತು.

೧. ಬನ್ಸ್

ಅಂಟಿಕೊಂಡ ಪಿಸ್ಟನ್ ತೆಗೆಯಲು ಕ್ಯಾಲಿಪರಿಗೆ ಗಾಳಿ ಕೊಡಬೇಕು. ಬಾಳೆಗುಳಿಯ ಹೆದ್ದಾರಿ ಪಕ್ಕದ ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಮೇಸ್ತ್ರಿ ಪಿಸ್ಟನ್ ಹಾರದಂತೆ ಎದುರಿಗೆ ಒಂದು ಮರದ ತುಂಡು ಸಿಕ್ಕಿಸಿ ಗಾಳಿ ಬಿಟ್ಟ. ಮೂರು ಬಂದವು. ನಾಲ್ಕನೆಯದು ಜಪ್ಪಯ್ಯ ಎನ್ನಲಿಲ್ಲ. ಮರದ ತುಂಡೇ ಅಡ್ಡವಾಗಿದೆಯೇನೋ ಎಂಬ ಅನುಮಾನದಿಂದ ಅವನು ಅದನ್ನು ತೆಗೆದು ಇಣುಕಿ ನೋಡಿದ. ಏನೂ ಕಾಣಲಿಲ್ಲವೆಂದು ಮುಖ ಸರಿಸಿ, ಮತ್ತೆ ಗಾಳಿ ಬಿಟ್ಟ.

ಪಟಾಕಿಯಂಥ ಸದ್ದಾಯಿತು. ಪಿಸ್ಟನ್ ಎಲ್ಲಿ ಹೋಯಿತೆಂದು ಇಬ್ಬರೂ ಬಹಳ ಹೊತ್ತು ಹುಡುಕಿದೆವು. ಮೇಸ್ತ್ರಿ ಅದು ಹುಬ್ಬಳ್ಳಿ ಕಡೆ ಹೋಗಿರಬೇಕೆಂದ. ಆಗ ಪಕ್ಕದ ಚಾ ಅಂಗಡಿಯವರು ಕಾಗದದಲ್ಲಿ ಏನನ್ನೋ ಸುತ್ತಿ ತಂದು ನನ್ನ ಕೈಗೆ ಕೊಟ್ಟರು. ಬನ್ಸ್ ಹರವಿಟ್ಟ ತಟ್ಟೆಯಲ್ಲಿ ಬಿದ್ದಿತ್ತಂತೆ. ಗಿರಾಕಿಯೊಬ್ಬರು ಒತ್ತಿ ನೋಡಿ, ಇದು ನಿನ್ನೆಯದೆಂದು ಬದಿಗಿಟ್ಟರಂತೆ.

ನಾನು ಕ್ಷಮೆ ಕೇಳಲು ಹೊರಟೆ. ಅವರು ತಡೆದು ಸಮಾಧಾನವಾಗಿ ಹೇಳಿದರು: "ಅವ್ರು ಕಚ್ಚಿದ್ರೆ ಲಾಭ ನಿಮ್ಗೇ ಆಗ್ತಿತ್ತು, ಡಾಕ್ಟ್ರೆ."

೨. ಮೊದಲಿನ ರೋಗಿ

ಪಿಸ್ಟನ್ ಕೂರುವ ಗುಳಿಯ ಒಳಗೋಡೆಯಲ್ಲಿ ರಬ್ಬರ್ ರಿಂಗಿಗೆಂದು ಸಣ್ಣ ಕಾಲುವೆಯೊಂದಿರುತ್ತದೆ. ಅಲ್ಲಿಯ ಕಿಟ್ಟ ಹೋಗದಿದ್ದರೆ ಹೊಸ ರಿಂಗೂ ಅಂಟಿಕೊಳ್ಳುತ್ತದೆ. ಅದನ್ನು ಕೆರೆಯಲು ಕೊಕ್ಕೆಯಂಥ ಸಪೂರ ಸಲಕರಣೆ ಬೇಕು, ಒಳ್ಳೆಯ ಬೆಳಕು ಬೇಕು, ತಿರುಗುವ ಕುರ್ಚಿ ಬೇಕು. ಮೂರೂ ನನ್ನ ದವಾಖಾನೆಯಲ್ಲಿವೆ. ರೋಗಿಗಳಿಗೆ ಬಳಸದ ಹಳೆಯ ಕೊಕ್ಕೆಗಳನ್ನು ಆರಿಸಿಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ಕ್ಯಾಲಿಪರನ್ನು ಕುರ್ಚಿಯ ಮೇಲೆ ಒರಗಿಸಿದೆ. ಕುರ್ಚಿಗೆ ಎಣ್ಣೆ ತಾಗಬಾರದೆಂದು ರೋಗಿಗಳ ಎದೆಗೆ ಕಟ್ಟುವ ಕಾಗದವನ್ನು ಅದರ ಕೆಳಗೆ ಹಾಸಿದೆ. ಕೆಲಸ ಹಿಡಿಸಿತು.

ಬಾಗಿಲು ಅರೆತೆರೆದಿತ್ತು. ನಿವೃತ್ತ ಶಿಕ್ಷಕಿಯೊಬ್ಬರು ಹಲ್ಲು ಕೀಳಿಸಿಕೊಳ್ಳಲು ಬೇಗ ಬಂದವರು ಇಣುಕಿದ್ದಾರೆ. ಮಾಸ್ಕು ಹಾಕಿಕೊಂಡ ನಾನು ದೀಪದ ಕೆಳಗೆ ಬಗ್ಗಿ ಕೆರೆಯುತ್ತಿದ್ದೆ. ಅಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಅಭ್ಯಾಸಬಲದಿಂದ, "ಆಯ್ತು, ಇನ್ನು ಸ್ವಲ್ಪ, ನೋವಾಗೂದಿಲ್ಲ" ಎಂದು ಅದಕ್ಕೆ ಧೈರ್ಯವನ್ನೂ ಹೇಳುತ್ತಿದ್ದೆನಂತೆ.

ಅವರು ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ನಮ್ಮ ನರ್ಸಮ್ಮ ಗಾಬರಿಯಾಗಿ, ಡಾಕ್ಟರಿಗೆ ಈಗಲೇ ಹೇಳುತ್ತೇನೆ, ನೀವು ಒಳಗೆ ಬನ್ನಿ ಎಂದರೆ ಆ ಶಿಕ್ಷಕಿ ಒಪ್ಪಲಿಲ್ಲ.

"ಬೇಡ, ಅದರದ್ದು ಮುಗೀಲಿ. ನಂಗಿಂತ ಜಾಸ್ತಿ ಹುಳುಕಾಗಿ ಅದೆ, ಆದ್ರೂ ಒಂದು ಕೂಗು ಹಾಕ್ಲಿಲ್ಲ."

೩. ಊಂ

ಕ್ಯಾಲಿಪರ್ ಜೋಡಿಸಿ, ಡಿಸ್ಕನ್ನು ಒತ್ತುವ ಹೊಸ ಪ್ಯಾಡ್ ಹಾಕಿದ ಮೇಲೆ ಬ್ರೇಕ್ ಎಣ್ಣೆಯೊಳಗಿನ ಗಾಳಿ ಹೊರಹಾಕಬೇಕು. ಇದಕ್ಕೆ ಇಬ್ಬರು ಬೇಕು. ಒಬ್ಬ ಒಳಗೆ ಕೂತು ಪೆಡಲ್ ಒತ್ತಿ ಹಿಡಿದು "ಒತ್ತಿದೆ" ಎನ್ನಬೇಕು. ಆಗ ಹೊರಗಿನವನು ಕ್ಯಾಲಿಪರಿನ ತಿರುಪು ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಬಿಗಿದು "ಬಿಡಿ" ಎನ್ನಬೇಕು. ತಿರುಪು ತೆರೆದಿದ್ದಾಗ ಒಳಗಿನವನು ಕಾಲೆತ್ತಿದರೆ ಹೋದ ಗಾಳಿಯೆಲ್ಲ ವಾಪಸು.

ಪಕ್ಕದ ಮನೆಯ ನಿವೃತ್ತ ತಹಶೀಲ್ದಾರರು ತಾವೇ ಬಂದು ಕೂತರು. ಬಾಯಲ್ಲಿ ಆಗತಾನೇ ಹಾಕಿದ ಎಲೆಯಡಿಕೆಯ ಕವಳವಿತ್ತು. ಒತ್ತಿದರೂ "ಊಂ", ಬಿಟ್ಟರೂ "ಊಂ". ಸ್ವಲ್ಪ ಹೊತ್ತಿಗೆ ಎರಡು ಊಂಗಳ ವ್ಯತ್ಯಾಸ ನನಗೆ ತಿಳಿಯತೊಡಗಿತು. ಕೊನೆಯ ತಿರುಪು ಸಡಿಲಿಸಿದಾಗ ಕೇಳಿದ ಊಂ ಮಾತ್ರ ಹೊಸದು, ಉದ್ದದ್ದು. ಎದ್ದು ನೋಡುತ್ತೇನೆ, ಅವರು ಸೀಟಿನಲ್ಲಿಲ್ಲ. ನನ್ನ ಕಾರು ಹೊಲಸಾಗಬಾರದೆಂಬ ಸಜ್ಜನಿಕೆಯಿಂದ, ಪೆಡಲ್ ಬಿಟ್ಟು ಇಳಿದು, ತೆಂಗಿನ ಬುಡಕ್ಕೆ ಹೋಗಿ ಉಗಿಯುತ್ತಿದ್ದರು.

ಎಲ್ಲ ಮೊದಲಿನಿಂದ ಮಾಡಬೇಕು ಎಂದೆ. ಅವರು ಬಾಯಿ ಒರೆಸಿಕೊಂಡು ಸಂತೋಷವಾಗಿಯೇ ಬಂದು ಕೂತರು.

"ಅಡ್ಡಿಲ್ಲ ಡಾಕ್ಟ್ರೆ, ಮಾಡ್ವಾ. ಹಾಂಗಾದ್ರೆ ಇನ್ನೊಂದು ಕವಳಕ್ಕೆ ಟೈಮ್ ಅದೆ ಅಂತಾಯ್ತು."

೪. ಪರೀಕ್ಷೆ

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಒಂದು ಕ್ರಮವಿದೆ. ವೇಗ ಹೆಚ್ಚಿಸಬೇಕು, ಜೋರಾಗಿ ಬ್ರೇಕ್ ಒತ್ತಿ ನಡಿಗೆಯ ವೇಗಕ್ಕೆ ತರಬೇಕು, ಆದರೆ ಪೂರ್ತಿ ನಿಲ್ಲಬಾರದು. ನಿಂತರೆ ಕಾದ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಮೂಡಿ, ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ನಡುಗುತ್ತದೆ. ಹೀಗೆ ಹಲವು ಸುತ್ತು.

ಅಂಕೋಲೆಯ ಹತ್ತಿರ ಹೊಸ ಹೆದ್ದಾರಿ ಆದ ಮೇಲೆ ಉಳಿದ ಹಳೆಯ ರಸ್ತೆಯ ತುಂಡೊಂದಿದೆ. ಬೆಳಿಗ್ಗೆ ಬೇಗ ಅಲ್ಲಿಗೆ ಹೊರಟೆವು. ಮಾತಿನಂತೆ ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ನಿಲ್ಲಿಸುವ ಹಾಗಿಲ್ಲವೆಂದು ಮೊದಲೇ ವಿವರಿಸಿದೆ.

"ಬ್ರೇಕ್ ನೋಡೂಕೆ ಕರ್ಕಂಡು ಬಂದು ನಿಲ್ಲಿಸೂದಿಲ್ಲ ಅಂದ್ರೆ ಎಂತಾ?" ಎಂದಳು. ಮುಖ ನೋಡಿದರೆ ಕಾರು ಅರ್ಧ ಮಾರಾಟವಾದ ಹಾಗಿತ್ತು.

ರಸ್ತೆಯ ಕೊನೆಗೆ, ನಾನು ಬ್ರೇಕ್ ಒತ್ತುವ ಜಾಗದ ಆಚೆ ಮರದ ಕೆಳಗೆ, ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿಕೊಂಡು ಟೆಂಪೋಗೆ ಕಾದಿದ್ದಳು. ನಮ್ಮ ಕಾರು ಅವಳೆದುರು ನಿಧಾನವಾದದ್ದೇ ತಡ, ಬುಟ್ಟಿಯ ಬಾಯಿ ತೆರೆದು ಬಾಳೆಲೆಯ ಮೇಲೆ ಬಂಗಡೆಯ ಗುಡ್ಡೆ ಮಾಡಿ ತೋರಿಸಿದಳು. ನಾನು ಮುಂದೆ ಹೋದೆ. ಹೆದ್ದಾರಿಯಿಂದ ಸುತ್ತಿ ಬಂದು ಮತ್ತೆ ನಿಧಾನ ಮಾಡಿದೆ. ಅವಳು ಗುಡ್ಡೆಗೆ ಎರಡು ಸೇರಿಸಿದಳು. ನಾನು ಮತ್ತೆ ಹೋದೆ. ಮೂರನೆಯ ಸಲ ಇನ್ನಷ್ಟು ಸೇರಿಸಿ, "ಮೋರೆ ನೋಡೂಕೂ ಪುರಸೊತ್ತಿಲ್ಲ ಇಂವಂಗೆ" ಎಂದು ಮರಕ್ಕೆ ಹೇಳಿದಳು. ಅದರ ಮುಂದಿನ ಸಲ ಒಂದು ಮುಷ್ಟಿ ಸಿಗಡಿ ಬಿತ್ತು.

ಹೆಂಡತಿ ಈಗ ಡ್ಯಾಶ್‌ಬೋರ್ಡ್ ಬಿಟ್ಟು ಗುಡ್ಡೆಯನ್ನೇ ನೋಡುತ್ತಿದ್ದಳು. ಮೀನು ಪೇಟೆಯಲ್ಲಿ ಅವಳ ಚೌಕಾಸಿಗೆ ಹೆಸರಿದೆ. ನನ್ನ ಕೆಲಸ ಚೀಲ ಹಿಡಿದು ದೂರ ನಿಲ್ಲುವುದು.

"ತಿರುಗಿ ನೋಡಬೇಡಿ, ಹೋಗಿ" ಎಂದು ಪಿಸುಗುಟ್ಟಿದಳು.

ಪ್ಯಾಡು ಹದಕ್ಕೆ ಬಂದಿತ್ತು. ಕೊನೆಗೆ ಬ್ರೇಕ್ ಮುಟ್ಟದೆ ದೂರ ಓಡಿಸಿ ತಣಿಸಿ, ವಾಪಸು ಬಂದು, ಆ ಹೆಂಗಸಿನ ಎದುರು ಒತ್ತಿದೆ. ಕಾರು ಒಂಚೂರೂ ಎಳೆಯದೆ, ಕಿರುಗುಡದೆ, ಗುಡ್ಡೆಗೆ ಸರಿಯಾಗಿ ನಿಂತಿತು.

ಆಕೆ ಮೀನನ್ನೆಲ್ಲ ಚೀಲಕ್ಕೆ ಸುರಿಯುತ್ತ ನನ್ನ ಹೆಂಡತಿಗೆ ಹೇಳಿದಳು: "ಅಮ್ಮಾ, ಸುಮಾರು ಜನರ ಚೌಕಾಸಿ ನೋಡಿದೆ. ಬಾಯಿ ಬಿಡದೆ ಮಾಡೂರು ನಿಮ್ಮ ಯಜಮಾನ್ರೊಬ್ರೇ."

ಹೆಂಡತಿ ಚೀಲ ಮಡಿಲಲ್ಲಿಟ್ಟುಕೊಂಡು, ಅದರ ಬಾಯಿ ಬಿಡಿಸಿ ಸಿಗಡಿ ಎಣಿಸಿದಳು. ನಾನು ಧೈರ್ಯ ಮಾಡಿ ಕೇಳಿದೆ, ಬ್ರೇಕ್ ಹೇಗಿದೆಯೆಂದು.

"ಬ್ರೇಕ್ ಅಡ್ಡಿಲ್ಲ, ಇರ್ಲಿ ಕಾರು" ಎಂದಳು. "ನೀವೇ ಒಂದು ಸುತ್ತು ಮೊದ್ಲೇ ನಿಂತ್ರಿ."