ಮಾವನ ಬ್ಯಾಕಪ್ ಡಬ್ಬಿ

ನನ್ನ ಸೋದರಮಾವನ ಪ್ರಕಾರ ಮನುಷ್ಯ ಹುಟ್ಟಿದರಷ್ಟೇ ಸಾಲದು, ಎಂಟ್ರಿ ಆಗಬೇಕು! ಎಂಟ್ರಿ ಆಗದವನು ಅವರ ಮಟ್ಟಿಗೆ ಬರೀ ಗಾಳಿಸುದ್ದಿ. ಉಡುಪಿ ಕಡೆಯಿಂದ ಬಂದು ಮುಂಬಯಿಯ ಹೊರವಲಯದ ಡೊಂಬಿವಲಿ, ಕಲ್ಯಾಣ್ ಅಂತ ಚದುರಿಹೋದ ನಾವು ನೆಂಟರೆಲ್ಲ ಅವರ ಹಳೆಯ ಕಂಪ್ಯೂಟರಿನೊಳಗೆ ಮಾತ್ರ ಒಟ್ಟಾಗಿದ್ದೆವು, ಮದುವೆಯೂಟದ ಪಂಕ್ತಿಯಲ್ಲಿ ಕುಳಿತ ಹಾಗೆ.

ಮಾವ ಉಲ್ಹಾಸನಗರದ ಕೆಲವು ಬಟ್ಟೆ ಅಂಗಡಿಗಳ ಲೆಕ್ಕ ಬರೆಯುವವರು. ಅದಕ್ಕೆಂದು ಯಾವ ಕಾಲದಲ್ಲೋ ಡೇಟಾಬೇಸ್ ಸಾಫ್ಟ್‌ವೇರ್ ಒಂದನ್ನು ಕಲಿತು, ತಾವೇ ಒಂದು ಪ್ರೋಗ್ರಾಂ ಕಟ್ಟಿಕೊಂಡಿದ್ದರು. ನೀಲಿ ಪರದೆ, ಬಿಳಿ ಅಕ್ಷರ. ಮೌಸಿಗೆ ಪ್ರವೇಶವಿಲ್ಲ. ಈಗ ಎಲ್ಲ ಆನ್‌ಲೈನ್ ಆಗಿದೆ ಅಂಕಲ್ ಎಂದು ಅಂಗಡಿಯವರ ಮಕ್ಕಳು ಹೇಳಿದರೆ, ನೆಟ್ ಹೋದಾಗ ನನ್ನ ಲೆಕ್ಕ ಯಾರ ಮನೆಯಲ್ಲಿ ಕೂತಿರುತ್ತದೆ ಎಂದು ಇವರೇ ತಿರುಗಿ ಕೇಳುತ್ತಿದ್ದರು.

ಅಂಗಡಿಯ ಲೆಕ್ಕದಲ್ಲೇ ನಿಂತಿದ್ದರೆ ಚಿಂತೆಯಿರಲಿಲ್ಲ. ರೋಗ ಮನೆಗೂ ಹಬ್ಬಿತು. ಉಪ್ಪಿನಕಾಯಿಯ ಭರಣಿಗಳಿಗೆ ನಂಬರು ಬಿತ್ತು. ಕುಕ್ಕರಿನ ರಬ್ಬರ್ ಬದಲಾಯಿಸಿದ ಚರಿತ್ರೆ ದಾಖಲಾಯಿತು. ನೆಂಟರ ಹೆಸರಿನ ಮುಂದೆ ಕಾಫಿಯೋ ಚಹಾವೋ, ಸಕ್ಕರೆ ಎಷ್ಟು ಎಂಬ ಕಾಲಂ ಬಂತು. ಕಾಲೇಜಿನಲ್ಲಿದ್ದಾಗ ತೆಳ್ಳಗಾಗುವ ಹುಚ್ಚಿನಲ್ಲಿ ನಾನೊಮ್ಮೆ ಸಕ್ಕರೆ ಬೇಡ ಎಂದಿದ್ದೆ. ಮುಗಿಯಿತು! ಹುಚ್ಚು ಇಳಿಯಿತು, ಡಿಗ್ರಿ ಆಯಿತು, ನವಿ ಮುಂಬಯಿಯಲ್ಲಿ ನೌಕರಿ ಸಿಕ್ಕಿತು, ಮದುವೆಯೂ ಆಯಿತು; ಮಾವನ ಮನೆಯಲ್ಲಿ ನನ್ನ ಕಾಫಿ ಮಾತ್ರ ಕಷಾಯವಾಗಿಯೇ ಉಳಿಯಿತು.

"ಮಾವ, ನಾನು ಈಗ ಸಕ್ಕರೆ ತಿನ್ನುತ್ತೇನೆ."

"ನಿನ್ನ ರೆಕಾರ್ಡಿನಲ್ಲಿ ಸಕ್ಕರೆ ಇಲ್ಲ ಮಾರಾಯ್ತಿ."

"ರೆಕಾರ್ಡಿನಲ್ಲಿ ಇಲ್ಲದಿದ್ದರೆ ಬೇಡ, ಡಬ್ಬಿಯಲ್ಲಿ ಉಂಟು" ಎಂದು ಅತ್ತೆ ಅಡುಗೆಮನೆಯಿಂದಲೇ ಹೇಳಿ, ಒಂದು ಚಮಚ ಕದ್ದು ಹಾಕಿ ಕೊಡುತ್ತಿದ್ದರು.

ಈ ಎಲ್ಲಕ್ಕೂ ಕಿರೀಟವಿಟ್ಟಂತೆ ಇದ್ದದ್ದು ಬ್ಯಾಕಪ್. ಕಂಪ್ಯೂಟರ್ ಮತ್ತು ಬ್ಯಾಕಪ್ ಒಂದೇ ಸೂರಿನಡಿ ಮಲಗಬಾರದು ಎಂಬುದು ಮಾವನ ಶಾಸ್ತ್ರ. ಅವರ ಮನೆ ಡೊಂಬಿವಲಿ ಪಶ್ಚಿಮದಲ್ಲಿ, ನಮ್ಮದು ಪೂರ್ವದಲ್ಲಿ. ಪ್ರತಿ ಶನಿವಾರ ಪೆನ್ ಡ್ರೈವನ್ನು ಅತ್ತೆಯ ಇಂಗಿನ ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಎದೆಗವಚಿಕೊಂಡು, ಸ್ಟೇಷನ್ ಸೇತುವೆ ದಾಟಿ ಬಂದು, ನಮ್ಮ ಅಕ್ಕಿಯ ಡ್ರಮ್ಮಿನಲ್ಲಿ ಹೂತಿಟ್ಟು ಹೋಗುತ್ತಿದ್ದರು. ಮರುವಾರ ಅದನ್ನೇ ಅಗೆದು ಒಯ್ದು, ಹೊಸ ಲೆಕ್ಕ ತುಂಬಿ ತರುವುದು. ನಮ್ಮ ಅನ್ನಕ್ಕೆ ಸಾರು ಹಾಕುವ ಮೊದಲೇ ಇಂಗಿನ ಒಗ್ಗರಣೆ ಬಿದ್ದಿರುತ್ತಿತ್ತು. ಇನ್ನೊಂದು ಪೆನ್ ಡ್ರೈವ್ ಇಟ್ಟುಕೊಳ್ಳಿ ಎಂದರೆ ಕೇಳಬೇಕಲ್ಲ? ಎರಡಾದರೆ ಯಾವುದು ನಿಜ ಎಂಬ ಜಗಳ ಶುರುವಾಗುತ್ತದಂತೆ!

ಹೀಗಿರುವಾಗ ಒಂದು ದಿನ ಕಂಪ್ಯೂಟರ್ ಕರಕರ ಎಂದು ಹಲ್ಲು ಕಡಿದು ಶಾಶ್ವತವಾಗಿ ಮಲಗಿತು. ರಿಪೇರಿಯವನು ನೋಡಿ, ಒಳಗಿನದು ಏನೂ ಸಿಗುವುದಿಲ್ಲ ಎಂದು ಕೈಚೆಲ್ಲಿದ. ಅಂಗಡಿಗಳಿಗೆ ವರ್ಷದ ಲೆಕ್ಕ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಮಾವ ಗಾಬರಿಯಾದರೆಂದುಕೊಂಡಿರಾ? ಪರೀಕ್ಷೆಯಲ್ಲಿ ತಾನು ಓದಿದ್ದೇ ಬಂದ ಹುಡುಗನ ಮುಖ ಹೊತ್ತು ನಮ್ಮ ಮನೆಗೆ ಬಂದು ಅಕ್ಕಿ ಅಗೆದರು. ಠಾಣೆ ಪಟ್ಟಣದಲ್ಲಿ ಅವರ ಹಳೆಯ ಪ್ರೋಗ್ರಾಂ ಅನ್ನು ಹೊಸ ಕಂಪ್ಯೂಟರಿಗೆ ಹಾಕಿಕೊಡುವ ಅಂಗಡಿಯೊಂದಿತ್ತು. ಜೊತೆಗೆ ನಾನೂ ಹೊರಟೆ.

ಮಾವನನ್ನು ಒಂಟಿಯಾಗಿ ಬಿಡಬಾರದೆಂದು ಲೋಕಲ್ ರೈಲಿನ ಲೇಡೀಸ್ ಡಬ್ಬ ಬಿಟ್ಟು ಅವರ ಹಿಂದೆಯೇ ಜನರಲ್ ಡಬ್ಬಕ್ಕೆ ನುಗ್ಗಿದೆ. ಅವರು ಹತ್ತಿ ಬಾಗಿಲಲ್ಲೇ ನಿಂತರು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಡಬ್ಬಿ. ನಾನು ಒಂದು ಕಾಲಿಟ್ಟಿದ್ದೆ, ಅಷ್ಟೇ. ಗಾಡಿ ಹೊರಟಿತು. ಒಳಗಿನಿಂದ ಯಾರೋ ಇಳಿಯಲು ತಳ್ಳಿದರು. ಚಪ್ಪಲಿ ಜಾರಿತು. ಈಗಲೂ ಕಣ್ಣು ಮುಚ್ಚಿದರೆ ಪ್ಲಾಟ್‌ಫಾರ್ಮಿಗೂ ಗಾಡಿಗೂ ನಡುವಿನ ಆ ಕಪ್ಪು ಸಂದಿ ಕಾಲಡಿಯಲ್ಲಿ ಸರಿಯತೊಡಗುತ್ತದೆ. ಕೈಚಾಚಿದೆ, ಏನೂ ಸಿಗಲಿಲ್ಲ. ಆಮೇಲೆ ಮಣಿಕಟ್ಟಿಗೆ ಕಬ್ಬಿಣದಂಥದ್ದೇನೋ ಬಿಗಿಯಿತು. ಅದೇ ಗಳಿಗೆಯಲ್ಲಿ ಕೆಳಗೆ ಸ್ಟೀಲು ಟಣ್ ಎಂದದ್ದು, ಅದರ ಮೇಲೆ ಚಕ್ರ ಹೋದದ್ದು ಕೇಳಿಸಿತು.

ಮುಂದಿನ ಕೋಪರ್ ಸ್ಟೇಷನ್ನಿನಲ್ಲಿ ಇಳಿದು ಬೆಂಚಿನ ಮೇಲೆ ಕುಳಿತೆವು. ನನ್ನ ಕೈಮೇಲೆ ಮಾವನ ಬೆರಳುಗಳು ಕೆಂಪಗೆ ಮೂಡಿದ್ದವು. ಅವರು ಅದನ್ನೇ ನೋಡುತ್ತಿದ್ದರು.

"ಮಾವ, ಡಬ್ಬಿ..."

"ಬಿದ್ದದ್ದು ಬರೀ ಬ್ಯಾಕಪ್ ಅಲ್ವಾ."

"ಕಂಪ್ಯೂಟರೂ ಹೋಗಿದೆಯಲ್ಲ ಮಾವ."

"ಗೊತ್ತುಂಟು. ನೀನು ನೀರು ಕುಡಿ."

ಅತ್ತೆಗೆ ಫೋನು ಮಾಡಿ ಡಬ್ಬಿ ಬಿತ್ತು ಎಂದಷ್ಟೇ ಹೇಳಿದರು. ಹೇಗೆ ಬಿತ್ತು ಎನ್ನಲಿಲ್ಲ. ತವರಿನಿಂದ ತಂದ ಡಬ್ಬಿ ಕಳೆದದ್ದಕ್ಕೆ ಅತ್ತೆ ಬೈದದ್ದು ನನಗೂ ಕೇಳಿಸುತ್ತಿತ್ತು. ಮಾವ ತಲೆಯಾಡಿಸುತ್ತಾ ಪೂರ್ತಿ ಬೈಸಿಕೊಂಡರು.

ಆಮೇಲೆ ಉಲ್ಹಾಸನಗರದ ಅಂಗಡಿ ಅಂಗಡಿಗೆ ಅಲೆದು, ಬಿಲ್ಲುಗಳನ್ನು ಚೀಲ ಚೀಲವಾಗಿ ಹೊತ್ತು ತಂದರು. ಸಂಜೆ ನಾನು ಹೋಗಿ ಬಿಲ್ಲು ಓದಿ ಹೇಳುತ್ತಿದ್ದೆ, ಅವರು ಹೊಸ ಕಂಪ್ಯೂಟರಿನಲ್ಲಿ ಕುಟ್ಟುತ್ತಿದ್ದರು. ಲೆಕ್ಕ ತಡವಾಗಿಯೇ ಮುಗಿಯಿತು. ಒಂದು ಅಂಗಡಿಯವರು ಕಾಯಲಿಲ್ಲ, ಬೇರೆಯವರನ್ನು ಹುಡುಕಿಕೊಂಡರು.

ನೆಂಟರ ಸರದಿ ಬಂದ ದಿನ ಪರದೆಯಿಂದ ಮುಖ ತಿರುಗಿಸಿ, ಮೊಟ್ಟಮೊದಲ ಸಲ ನೋಡಿದವರ ಹಾಗೆ ನನ್ನನ್ನು ಕೇಳಿದರು: "ನಿನಗೆ ಕಾಫಿಗೆ ಸಕ್ಕರೆ ಹಾಕುವುದಾ?"

ಹಾಕಿ ಎಂದೆ. ಅಡುಗೆಮನೆಯಲ್ಲಿ ಅತ್ತೆ ನಕ್ಕರು.

ಈಗ ಮತ್ತೆ ಬ್ಯಾಕಪ್ ಶುರುವಾಗಿದೆ. ಹೊಸ ಡಬ್ಬಿ, ಆದರೆ ಕೈಯಲ್ಲಲ್ಲ. ದಪ್ಪ ದಾರ ಕಟ್ಟಿ, ಶಾಲೆಗೆ ಹೊರಟ ಮಗುವಿನ ನೀರಿನ ಬಾಟಲಿಯಂತೆ ಕುತ್ತಿಗೆಗೆ ನೇತುಹಾಕಿಕೊಂಡು ಬರುತ್ತಾರೆ. ಸ್ಟೇಷನ್ ಸೇತುವೆಯ ಮೇಲೆ ಜನ ತಿರುಗಿ ನೋಡಿ ನಗುತ್ತಾರೆ. ಎಲ್ಲವನ್ನೂ ನೋಡಿ ನಗುತ್ತಿದ್ದವಳು ನಾನು, ಆ ದಾರ ನೋಡಿದರೆ ಮಾತ್ರ ನಗು ಬರುವುದಿಲ್ಲ. ಇಬ್ಬರೂ ಜೊತೆಗೆ ಎಲ್ಲಿಗಾದರೂ ಹೊರಟು, ಲೋಕಲ್ ಬಂದು ನಿಂತಾಗ ಮಾವ ನನ್ನ ಹಿಂದೆ ಬಂದು ನಿಲ್ಲುತ್ತಾರೆ.

"ನೀನು ಮೊದಲು ಹತ್ತು" ಎನ್ನುತ್ತಾರೆ. ಅವರ ಎರಡೂ ಕೈ ಖಾಲಿ.