ರಡಾರು ಬಿಚ್ಚಿಸಿದ ಪೆಂಡಾಲು

ನಾನು ಶಾಲೆ ಬಿಟ್ಟದ್ದು 1978ರಲ್ಲಿ, ಏಳನೇ ಇಯತ್ತೆಯ ಅರ್ಧಕ್ಕೆ. ಬಿಡಿಸಿದವರು ಯಾರೂ ಇಲ್ಲ. ಮಾಸ್ತರರು ಎಲ್ಲರೆದುರು "ನಿನ್ನ ತಲ್ಯಾಗ ಏನೂ ಇಳ್ಯಾಂಗಿಲ್ಲ" ಎಂದರು. ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ನಾನು ಪಾಟಿಚೀಲದೊಂದಿಗೆ ಹೊರಬಂದೆ. ದುಡಿದೆ. ಕಲ್ಲೋಳಿಯಲ್ಲಿ ಸ್ವಂತ ಪೆಂಡಾಲು ಮಾಡಿಕೊಂಡೆ. ಅದೇ ಶಾಲೆಯ ವರ್ಷದ ಗ್ಯಾದರಿಂಗಿಗೂ ನನ್ನದೇ ಪೆಂಡಾಲು. ಆದರೆ ಗಳ ನೆಟ್ಟದ್ದು ಅಂಗಳದಲ್ಲಿ, ಚಹಾ ಕುಡಿದದ್ದೂ ಅಂಗಳದಲ್ಲಿ. ಈ ಹಟದಿಂದ ಶಾಲೆಗೆ ಏನು ನಷ್ಟವಾಯಿತೆಂದು ಯಾರೂ ಈವರೆಗೆ ಹೇಳಿಲ್ಲ.

2006ರ ಬೇಸಗೆಯಲ್ಲಿ ಮೂಡಲಗಿಯ ಹೊರಗಿನ ಬಯಲಿಗೆ ಒಂದು ಲಾರಿ ಬಂದು ನಿಂತಿತು. ಅದರ ನೆತ್ತಿಯ ಮೇಲೆ ಹೋಳಿಗೆ ಹಂಚಿನಷ್ಟು ಬಾಗಿದ, ಆದರೆ ಆಳೆತ್ತರದ ತಟ್ಟೆಯೊಂದು ಗರಗರ ತಿರುಗುತ್ತಿತ್ತು. ಮಳೆಗಾಲಕ್ಕೆ ಮುಂಚಿನ ಅಡ್ಡಮಳೆಯ ಮೋಡಗಳನ್ನು ನೋಡಿ ಪಾಠ ಮಾಡಲು ಧಾರವಾಡ ಕಡೆಯ ಮೇಡಮ್ಮಾರೊಬ್ಬರು ವಿದ್ಯಾರ್ಥಿಗಳನ್ನು ಕರೆತಂದಿದ್ದರು. ಅವರ ನೆರಳಿಗೆ ನನ್ನ ಪೆಂಡಾಲು.

"ಯಮಕನಮರಡಿ ಹೈವೇ ಬಾಜೂ ನಿಂತು ಕೇಳ್ರಿ. ಲಾರಿ ಹಾರ್ನ ಬರೂವಾಗ ಒಂದು ನಮೂನಿ, ದಾಟಿ ಹೋಗೂವಾಗ ಒಂದು ನಮೂನಿ. ಹಳೇ ರಡಾರ ಮಳಿ ಎಲ್ಲೈತಿ ಅಂತ ಅಷ್ಟ ಹೇಳ್ತಿತ್ತು. ಈ ಹೊಸಾದು, ಮಳಿಗೆ ಬಡದು ತಿರುಗಿ ಬಂದ ಅಲೆಯ ನಮೂನಿ ನೋಡಿ, ನಮ್ಮ ಕಡೆ ಬರಾಕತ್ತೈತೋ ದೂರ ಹೊಂಟೈತೋ, ಅದನ್ನೂ ಹೇಳ್ತೈತಿ" ಎನ್ನುತ್ತಿದ್ದರು ಮೇಡಮ್ಮಾರು. ಕೇಳುವ ಆಸೆಗೆ ನಾನು ಬಿಗಿದ ಹಗ್ಗಗಳನ್ನೇ ನಾಲ್ಕು ದಿನ ಬಿಗಿದೆ.

ಅದೇ ವಾರ ನನ್ನ ಮಗಳ ಮದುವೆ, ಸಂಜೆಯ ಗೋರಜ ಮುಹೂರ್ತ. ಮನೆಯ ಮುಂದೆ ನನ್ನ ಅತಿ ಚೆಂದದ ಪೆಂಡಾಲು. ನಾಲ್ಕು ಗಂಟೆಗೆ ಮೇಡಮ್ಮಾರ ಫೋನು: "ಕಾಕಾ, ಗೋಕಾಕ ಕಡಿಂದ ಗಾಳಿ-ಮಳಿ ನಿಮ್ಮ ಮ್ಯಾಲೇ ಬರಾಕತ್ತೈತಿ. ಭಾಳ ಜೋರೈತಿ. ಪೆಂಡಾಲದಾಗ ಮಂದಿನ್ನ ಕುಂದ್ರಸಬ್ಯಾಡ್ರಿ."

ಪಡುವಣದಲ್ಲಿ ದಿನದಂತೆ ಒಂದಿಷ್ಟು ಮೋಡವಿತ್ತು, ಅಷ್ಟೇ. ಆದರೂ ನಾನೇ ಗಳ ಏರಿ ಮೇಲಿನ ಬಟ್ಟೆ ಬಿಚ್ಚತೊಡಗಿದೆ.

"ಏನ್ರಿ ಬೀಗ್ರ," ಎಂದರು ಬೆಲ್ಲದ ಬಾಗೇವಾಡಿಯಿಂದ ದಿಬ್ಬಣ ತಂದ ಗಂಡಿನ ತಂದೆ, "ಊರಮಂದಿ ಮದವಿಗೆ ಹಾಕತೀರಿ, ಮಗಳ ಮದವಿಗೆ ಬಿಚ್ಚತೀರಿ?"

"ಮಂದಿ ಎಲ್ಲಿ ಕುಂಡ್ರಬೇಕು?" ಎಂದಳು ಹೆಂಡತಿ.

ಊಟಕ್ಕೆ ಬಂದಿದ್ದ ಶಾಲೆಯ ಸಿಪಾಯಿ ಕಿಸೆ ಮುಟ್ಟಿಕೊಂಡ. "ಸಾಲಿ ತಗೀಲೇನ್ರಿ? ಕೀಲಿ ಇಲ್ಲೇ ಐತಿ."

ನಾನು ಗಳದ ಮೇಲೆ ಬಿಚ್ಚಿದ ಗಂಟನ್ನೇ ಮತ್ತೆ ಬಿಚ್ಚತೊಡಗಿದೆ. ಉತ್ತರ ಕೊಟ್ಟವಳು ಹೆಂಡತಿ. "ತಗೀಪಾ. ಹೊಸ್ತಲಾ ತುಳಿಯಾಂಗಿಲ್ಲ ಅಂದಾವ್ರು ಅವ್ರ ಒಬ್ಬರ. ಅವ್ರು ಹೊರಗ ನಿಂತ ಅಕ್ಕಿಕಾಳ ಒಗೀಲಿ."

ಮಂದಿಯೆಲ್ಲ ಶಾಲೆಯೊಳಗೆ ಸೇರುವಷ್ಟರಲ್ಲಿ ಗಾಳಿ ಎದ್ದಿತು. ಬೀಗರು ಕಿಟಕಿಯಿಂದ ಹಣಿಕಿ ನೋಡಿದರು: ನಾನು ಬಿಚ್ಚಿದ್ದರಿಂದ ಉಳಿದದ್ದು ಬರೀ ಗಳಗಳು, ಅವೂ ಒಂದೊಂದಾಗಿ ಮಲಗುತ್ತಿದ್ದವು. ಆಮೇಲೆ ಅವರೇ ಕಿಟಕಿ ಎಳೆದು ಮುಚ್ಚಿದರು. ನಾನು ಹೊಸ್ತಿಲ ಹೊರಗೆ ತೊಯ್ಯುತ್ತ ನಿಂತಿದ್ದೆ, ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು. ಒಳಗಿನಿಂದ ಮಗಳು ಬಾಸಿಂಗ ಸರಿಸಿ ನನ್ನತ್ತಲೇ ನೋಡುತ್ತಿದ್ದಳು. "ಅಪ್ಪಾ, ನೀ ಬರೂತನಕ ನಾ ಮಾಲಿ ಹಾಕಾಂಗಿಲ್ಲ" ಎಂದಳು. ಹಟ ಅವಳಿಗೆ ಎಲ್ಲಿಂದ ಬಂತೋ.

ಒಳಗೆ ಹೋದೆ. ಏಳನೇ ಇಯತ್ತೆಯದೇ ಕೋಣೆ. ಮದುವೆಯ ಫೋಟೋದಲ್ಲಿ ಇಂದಿಗೂ ಮದುಮಕ್ಕಳ ಹಿಂದೆ ಕರಿಹಲಗೆ ಇದೆ, ಬಾಜೂ ತೊಯ್ದ ನಾನು. ಇಷ್ಟು ವರ್ಷ ಆ ಬಾಗಿಲಿನಿಂದ ದೂರ ಹೊರಟಿದ್ದೇನೆಂದೇ ತಿಳಿದಿದ್ದೆ. ಬರುವುದೋ ಹೋಗುವುದೋ ಎಂದು ನನ್ನನ್ನು ಯಾವ ರಡಾರೂ ನೋಡಿರಲಿಲ್ಲ.

ಈಗ ನನ್ನಲ್ಲಿರುವುದು ಎರಡು ಪೆಂಡಾಲು, ಮುನ್ನೂರು ಕುರ್ಚಿ, ಒಬ್ಬ ಅಳಿಯ, ಇಬ್ಬರು ಮೊಮ್ಮಕ್ಕಳು, ಮತ್ತು ಏಳನೇ ಇಯತ್ತೆಯ ಉಳಿದರ್ಧದಲ್ಲಿ ಒಂದು ಸಂಜೆ.