ಕಾಶ್ಯಪ ಗೋತ್ರದ ಇಂಗ್ಲಿಷರು

ಸತ್ತವರ ಪರಿಚಯ ನನ್ನ ಸೋದರಮಾವನಿಗಿದ್ದಷ್ಟು ನ್ಯೂಜೆರ್ಸಿಯಲ್ಲಿ ಇನ್ಯಾರಿಗೂ ಇರಲಿಲ್ಲ. ಅವರೆಲ್ಲ ನೆಂಟರಾಗಿದ್ದರೆ ಒಪ್ಪಬಹುದಿತ್ತು. ಒಬ್ಬರೂ ಅಲ್ಲ! ಇಂಗ್ಲೆಂಡಿನ ಯಾವುದೋ ಕಡಲತೀರದ ಊರಿನವರು. ಅಮೆರಿಕಕ್ಕೆ ಬರುವ ಮೊದಲು ಮಾವ ಅಲ್ಲಿ ಎರಡು ವರ್ಷ ಓದಿದ್ದರಂತೆ. ಮೂರೂ ಇರಬಹುದು, ನನ್ನ ನೆನಪನ್ನು ನಾನೇ ನಂಬುವುದಿಲ್ಲ.

ಎಂಬತ್ತರ ದಶಕದಲ್ಲಿ ಫೋರ್ಟ್ ಲೀಯ ಅವರ ಹದಿನೇಳನೇ ಮಹಡಿಗೆ ಊಟಕ್ಕೆ ಹೋದವರಿಗೆಲ್ಲ ಹುಳಿಗಿಂತ ಮೊದಲು ಆ ಊರಿನ ಚರಿತ್ರೆ ಬಡಿಸುತ್ತಿದ್ದರು. ಸಮುದ್ರದೊಳಕ್ಕೆ ಮರದ ಕಟ್ಟೆ ಕಟ್ಟಿಸಿ ಮೊದಲ ಬಿರುಗಾಳಿಗೇ ಕಳೆದುಕೊಂಡ ಮೇಯರ್. ಮುಳುಗುತ್ತಿದ್ದ ಹನ್ನೊಂದು ಜನರನ್ನು ದಡ ಸೇರಿಸಿ, ಕೊನೆಗೆ ಸ್ವಂತ ಬಚ್ಚಲಲ್ಲಿ ಜಾರಿಬಿದ್ದು ಸತ್ತ ದೋಣಿಯವನು. ನಾನೋ ಆಗ ಪಿಎಚ್.ಡಿ. ವಿದ್ಯಾರ್ಥಿ, ಆಧಾರವಿಲ್ಲದೆ ನಂಬುವುದುಂಟೇ?

"ಇದೆಲ್ಲ ಯಾವ ಪುಸ್ತಕದಲ್ಲಿದೆ ಮಾವ?"

"ಪುಸ್ತಕ ಯಾಕೋ? ನಮ್ಮ ಲ್ಯಾಂಡ್‌ಲೇಡಿ ಹೇಳಿದ್ದು."

ಇಷ್ಟಕ್ಕೇ ನಿಲ್ಲಿಸಿದ್ದರೆ ಸಹಿಸಬಹುದಿತ್ತು. ಮಹಾಲಯ ಅಮಾವಾಸ್ಯೆ ಬಂತೆಂದರೆ ಎಳ್ಳು, ದರ್ಭೆ ಹಿಡಿದು ಮನೆ ಹತ್ತಿರದ ಸೇತುವೆಯ ಕೆಳಗಿನ ಪಾರ್ಕಿಗಿಳಿದು, ಹಡ್ಸನ್ ನದಿಯ ದಡದಲ್ಲಿ ಇವರಿಗೆಲ್ಲ, ತೀರಿಕೊಂಡಿದ್ದ ಲ್ಯಾಂಡ್‌ಲೇಡಿಯನ್ನೂ ಸೇರಿಸಿ, ತರ್ಪಣ ಬಿಡುತ್ತಿದ್ದರು! ಗೋತ್ರ? ಗೊತ್ತಿಲ್ಲದವರಿಗೆ ಕಾಶ್ಯಪ ಎಂದು ಶಾಸ್ತ್ರವೇ ಹೇಳಿದೆಯಲ್ಲ! ಹೀಗೆ ಮೇಯರೂ ದೋಣಿಯವನೂ ದಾಯಾದಿಗಳಾದರು.

"ನಮ್ಮತ್ತೆ-ಮಾವಂಗೆ ಐದು ನಿಮಿಷ, ಆ ದೊರೆಗಳಿಗೆ ಅರ್ಧ ಗಂಟೆ!" ಎಂದು ಅತ್ತೆ ಸಿಡುಕುತ್ತಿದ್ದರು.

"ನಮ್ಮಪ್ಪನಿಗೆ ನಾಲ್ಕು ಜನ ಗಂಡುಮಕ್ಕಳಿದೀವಿ ಕಣೇ. ಅವರಿಗೆ ನಾನೊಬ್ಬನೇ."

ಒಮ್ಮೆ ಪೊಲೀಸಿನವನು ಬಂದು, ನದಿಗೆ ಏನು ಹಾಕುತ್ತಿದ್ದೀರಿ ಎಂದು ಗದರಿಸಿದ. ಮಾವ ದೋಣಿಯವನ ಕತೆ ಶುರುಮಾಡಿದರು. ದಂಡದ ಟಿಕೆಟ್ ಕೊಡುವುದನ್ನೂ ಮರೆತು ಓಡಿದ ಪುಣ್ಯಾತ್ಮ!

ತೊಂಬತ್ತರ ಹೊತ್ತಿಗೆ ಮಾವನ ನೆನಪು ಸೋರತೊಡಗಿತು. ಮೊದಲು ಕಾರಿನ ಕೀ, ಆಮೇಲೆ ಮೊಮ್ಮಕ್ಕಳ ಹೆಸರು. ಒಂದು ದಿನ ಮೇಯರ್ ಹೋದ. ಮುಂದಿನ ತಿಂಗಳು ದೋಣಿಯವನೂ ಮುಳುಗಿದ. ಊಟಕ್ಕೆ ಮುಂಚಿನ ಚರಿತ್ರೆ ಗಿಡ್ಡವಾಗುತ್ತ ಬಂತು. ಯಾರಿಗೂ ಸಂತೋಷವಾಗಲಿಲ್ಲ.

"ಉಳಿದೋರು ಹೋದ್ರೆ ಹೋಗ್ಲಿ ಕಣೋ," ಎಂದು ಮಾವ ನನ್ನ ಕೈ ಹಿಡಿದರು. "ಲ್ಯಾಂಡ್‌ಲೇಡಿ ಹೆಸರು ಮರೆತುಬಿಟ್ರೆ? ಆಕೆಗೆ ಹಿಂದೆ ಮುಂದೆ ಯಾರೂ ಇಲ್ಲ. ನಂಗೆ ಜ್ವರ ಬಂದಾಗ, ನನ್ನನ್ನೇ ಕೇಳ್ಕೊಂಡು ಗಂಜಿ ಮಾಡೋದು ಕಲ್ತು, ಹದಿನೈದು ದಿನ ಕುಡಿಸಿದ್ಲು."

"ಬರೆದಿಟ್ಕೊಳ್ಳಿ ಮಾವ."

"ಚೀಟಿ ನೋಡ್ಕೊಂಡು ಅಮ್ಮನ್ನ ಕರೀತಾರೇನೋ?"

ಆ ವರ್ಷದ ಅಮಾವಾಸ್ಯೆಗೆ ನಾನೂ ಜೊತೆಗೆ ಹೋದೆ. ಕೊರೆಯುವ ಗಾಳಿ, ಜಿನುಗುವ ಮಳೆ. ಅತ್ತೆ ಕೊಡೆ ಹಿಡಿದಿದ್ದರು. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರಿಗೂ ಮಂತ್ರ ಸಲೀಸಾಗಿ ಹರಿಯಿತು. ಆಮೇಲೆ ಕೈ ತಡೆಯಿತು. ಬೆರಳ ಸಂದಿಯಿಂದ ನೀರು ಸೋರಿಹೋಗುತ್ತಿತ್ತು. ಮಾವ ನನ್ನತ್ತ ನೋಡಿದರು.

"ಎಡಿತ್," ಎಂದೆ.

ಎಡಿತೋ, ಎಥೆಲೋ? ಹತ್ತು ವರ್ಷ ನಗುತ್ತ ಕೇಳಿದ ಹೆಸರು. ಇಂದಿಗೂ ನನಗೆ ಖಾತ್ರಿಯಿಲ್ಲ. ಮಾವ ಮಾತ್ರ ಕಣ್ಣು ಮುಚ್ಚಿ, "ಹ್ಞೂಂ, ಎಡಿತ್," ಎಂದರು. ಹೊರಗಿನವರಿಗೆ ಒಂದೇ ಸಲ, ಹೆತ್ತವಳಿಗಾದರೆ ಮೂರು ಸಲ ನೀರು ಬಿಡುವುದು ಪದ್ಧತಿ. ಅವರು ಮೂರು ಸಲ ಬಿಟ್ಟರು. ಅತ್ತೆ ಕೊಡೆಯನ್ನು ಇನ್ನಷ್ಟು ಅವರತ್ತ ಬಾಗಿಸಿದರು.